ಬಹುಮಾನ ಬಿಲ್ಲಿಗೆ ಸಿಗಲಿ: ಹಣಕಾಸು ಸಚಿವರಿಗೆ ಒಬ್ಬ ಲೆಕ್ಕಿಗನ ಬಹಿರಂಗ ಪತ್ರ

ಬಿಲ್ ಲಾಟರಿ ಯೋಜನೆಗಳನ್ನು ನಡೆಸುತ್ತಿರುವ ಹಾಗೂ ನಡೆಸಲು ಯೋಚಿಸುತ್ತಿರುವ ಹಣಕಾಸು ಸಚಿವರಿಗೆ ಮತ್ತು ತೆರಿಗೆ ಇಲಾಖೆಗಳ ಮುಖ್ಯಸ್ಥರಿಗೆ,

ವಿಷಯ: ಡಿಜಿಟಲ್ ಪಾವತಿ ಮತ್ತು ತೆರಿಗೆ ಪಾಲನೆಗಾಗಿ ಲಾಟರಿ ನಡೆಸುವ ಕ್ರಮದಲ್ಲಿ ಆಗಬೇಕಾದ ತಿದ್ದುಪಡಿಗಳು

ಮಾನ್ಯರೇ,

ಸಣ್ಣ ಮತ್ತು ಮಧ್ಯಮ ಮಟ್ಟದ ವ್ಯಾಪಾರಿಗಳ ಲೆಕ್ಕಪತ್ರ ಬರೆದು, ಅವರ ತೆರಿಗೆ ವಿವರಗಳನ್ನು ಸಲ್ಲಿಸಿಕೊಡುವುದು ನನ್ನ ವೃತ್ತಿ. ಅಂಗಡಿಯ ಗಲ್ಲಾಪೆಟ್ಟಿಗೆಗೂ ನಿಮ್ಮ ಕಚೇರಿಗೂ ನಡುವೆ ಕುಳಿತು ಕೆಲಸ ಮಾಡುವವನಾದ್ದರಿಂದ ಗ್ರಾಹಕನಿಗೂ ಅಧಿಕಾರಿಗೂ ಕಾಣದ ಕೆಲವು ಸಂಗತಿಗಳು ನನ್ನ ಕಣ್ಣಿಗೆ ಬೀಳುತ್ತವೆ. ಬಿಲ್ಲು ಕೇಳುವ ಗ್ರಾಹಕರಿಗೆ, ಡಿಜಿಟಲ್ ರೂಪದಲ್ಲಿ ಹಣ ಕೊಡುವ ಗ್ರಾಹಕರಿಗೆ ಲಾಟರಿಯ ಮೂಲಕ ಬಹುಮಾನ ಕೊಡುವ ನಿಮ್ಮ ಯೋಚನೆಯನ್ನು ನಾನು ವಿರೋಧಿಸುವವನಲ್ಲ. ದಂಡ, ದಾಳಿ, ನೋಟಿಸುಗಳಿಗಿಂತ ಇದು ಎಷ್ಟೋ ಸಭ್ಯವಾದ ದಾರಿ. ಆದರೆ ಈ ಯೋಜನೆಗಳಲ್ಲಿ ಹಲವು ಎರಡು ಬೇರೆ ಬೇರೆ ಗುರಿಗಳನ್ನು ಒಂದೆಂದು ಭಾವಿಸಿ ಹೊರಟಿವೆ. ಹಣ ಡಿಜಿಟಲ್ ರೂಪದಲ್ಲಿ ಕೈ ಬದಲಾಯಿಸುವುದು ಒಂದು. ಆ ಮಾರಾಟ ತೆರಿಗೆಯ ಲೆಕ್ಕಕ್ಕೆ ಬರುವುದು ಇನ್ನೊಂದು. ಮೊದಲನೆಯದು ಆದ ಮಾತ್ರಕ್ಕೆ ಎರಡನೆಯದು ತಾನಾಗಿ ಆಗುವುದಿಲ್ಲ.

ನಾನು ನೋಡಿರುವುದನ್ನೇ ಹೇಳುತ್ತೇನೆ. ಗ್ರಾಹಕ ಮೊಬೈಲ್‌ನಿಂದ ಹಣ ಕಳುಹಿಸುತ್ತಾನೆ, ಹಣ ಬಂದ ಸದ್ದು ಕೇಳಿಸುತ್ತದೆ, ಸಾಮಾನು ಕೈಗೆ ಬರುತ್ತದೆ. ಬಿಲ್ಲು ಮಾತ್ರ ಹರಿಯುವುದಿಲ್ಲ. ಹಣ ಹೋದದ್ದು ಅಂಗಡಿಯ ಚಾಲ್ತಿ ಖಾತೆಗಲ್ಲ, ಮಾಲೀಕನ ಮನೆಯವರ ಉಳಿತಾಯ ಖಾತೆಗೆ. ಕೆಲವೆಡೆ ಎರಡು ಕ್ಯೂಆರ್ ಕೋಡ್‌ಗಳಿರುತ್ತವೆ, ಒಂದು ಗೋಡೆಯ ಮೇಲೆ, ಇನ್ನೊಂದು ಮೇಜಿನ ಒಳಗೆ. ಬಿಲ್ಲು ಬೇಕೆಂದವನಿಗೆ ಮೊದಲನೆಯದು, ಸುಮ್ಮನಿರುವವನಿಗೆ ಎರಡನೆಯದು. ಕಚ್ಚಾ ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟು, ಸಂಜೆ ಅದನ್ನು ಹರಿದುಹಾಕುವುದೂ ಉಂಟು. ಇಂಥ ಲೆಕ್ಕ ಬರೆಯಲು ಒಪ್ಪದೆ ನಾನು ಕೆಲವು ಕೆಲಸಗಳನ್ನು ಬಿಟ್ಟುಕೊಟ್ಟಿದ್ದೇನೆ. ಹೀಗೆ ಮಾಡದ ವ್ಯಾಪಾರಿಗಳೂ ಬಹಳ ಮಂದಿ ಇದ್ದಾರೆ. ಪಕ್ಕದಂಗಡಿಯವನು ತೆರಿಗೆಯಷ್ಟು ಕಡಿಮೆ ಬೆಲೆಗೆ ಮಾರುವಾಗ ಪ್ರಾಮಾಣಿಕನಾಗಿ ಉಳಿಯುವುದು ಎಷ್ಟು ಕಷ್ಟವೆಂದು ಅವರ ಖಾತೆ ಪುಸ್ತಕಗಳೇ ಹೇಳುತ್ತವೆ. ಅವರ ಪರವಾಗಿಯೂ ಈ ಪತ್ರ ಬರೆಯುತ್ತಿದ್ದೇನೆ.

ಮೌಲ್ಯವರ್ಧಿತ ತೆರಿಗೆ ಅಥವಾ ಅದೇ ಬಗೆಯ ಸರಕು ಮತ್ತು ಸೇವಾ ತೆರಿಗೆ ನಡೆಯುವ ಕ್ರಮ ನಿಮಗೆ ತಿಳಿಯದ್ದಲ್ಲ. ತಯಾರಕನಿಂದ ಸಗಟು ವ್ಯಾಪಾರಿ, ಅವನಿಂದ ಚಿಲ್ಲರೆ ವ್ಯಾಪಾರಿ ಕೊಳ್ಳುವಾಗ ಪ್ರತಿಯೊಬ್ಬ ಖರೀದಿದಾರನೂ ಬಿಲ್ಲನ್ನು ಪಟ್ಟು ಹಿಡಿದು ಪಡೆಯುತ್ತಾನೆ. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು ಅವನಿಗೆ ಆ ಬಿಲ್ಲು ಬೇಕು. ಈ ಸರಪಳಿ ಕೊನೆಯ ಕೊಂಡಿಯಲ್ಲಿ ಕಳಚಿಕೊಳ್ಳುತ್ತದೆ. ಮನೆಗೆ ಸಾಮಾನು ಒಯ್ಯುವ ಗ್ರಾಹಕನಿಗೆ ಬಿಲ್ಲಿನಿಂದ ಏನೂ ಸಿಗುವುದಿಲ್ಲ. ಬಿಲ್ಲು ಬೇಡವೆಂದರೆ ರಿಯಾಯಿತಿಯಾದರೂ ಸಿಗಬಹುದು. ಲಾಟರಿ ಹುಟ್ಟಿದ್ದು ಈ ಕೊನೆಯ ಕೊಂಡಿಯನ್ನು ಬೆಸೆಯಲು. ಅದು ಅಂಟಿಕೊಳ್ಳಬೇಕಾದದ್ದು ಬಿಲ್ಲಿಗೆ.

ತೈವಾನ್ ಇದನ್ನು 1951ರಲ್ಲೇ ಅರ್ಥ ಮಾಡಿಕೊಂಡಿತ್ತು. ಅಲ್ಲಿನ ಹಣಕಾಸು ಇಲಾಖೆಯ ಹೊಣೆ ಹೊತ್ತಿದ್ದ ರೆನ್ ಶಿಯಾನ್‌ಚುನ್ ಎಲ್ಲ ಅಂಗಡಿಗಳೂ ಒಂದೇ ಮಾದರಿಯ, ಸರ್ಕಾರಿ ಸಂಖ್ಯೆಯುಳ್ಳ ಬಿಲ್ಲು ಕೊಡಬೇಕೆಂದು ವಿಧಿಸಿ, ಆ ಸಂಖ್ಯೆಯನ್ನೇ ಲಾಟರಿ ಚೀಟಿಯನ್ನಾಗಿ ಮಾಡಿದರು. ಹಿಂದಿನ ವರ್ಷ 2.9 ಕೋಟಿ ತೈವಾನ್ ಡಾಲರ್ ಇದ್ದ ಸಂಗ್ರಹ ಮೊದಲ ವರ್ಷದಲ್ಲೇ 5.1 ಕೋಟಿಗೆ ಏರಿತು. ಇಂದಿಗೂ ಎರಡು ತಿಂಗಳಿಗೊಮ್ಮೆ, ಬೆಸ ತಿಂಗಳುಗಳ 25ರಂದು ಅಲ್ಲಿ ಡ್ರಾ ನಡೆಯುತ್ತದೆ. ದೊಡ್ಡ ಬಹುಮಾನ ಒಂದು ಕೋಟಿ ತೈವಾನ್ ಡಾಲರ್. ಆದರೆ ಆ ಯೋಜನೆ ಇಷ್ಟು ಕಾಲ ಬಾಳಿದ್ದಕ್ಕೆ ಕೆಳತುದಿಯ ಬಹುಮಾನ ಮುಖ್ಯ ಕಾರಣವೆಂದು ನನಗೆ ಅನ್ನಿಸುತ್ತದೆ. ಮೊದಲ ಬಹುಮಾನದ ಸಂಖ್ಯೆಯ ಕೊನೆಯ ಮೂರು ಅಂಕಿಗಳು ಹೊಂದಿದರೆ ಸಾಕು, 200 ಡಾಲರ್ ಕೈಗೆ ಬರುತ್ತದೆ. ಸಾವಿರ ಬಿಲ್ಲುಗಳಲ್ಲಿ ಎರಡು ಮೂರಕ್ಕಾದರೂ ಏನೋ ಒಂದು ಸಿಗುತ್ತದೆ ಎಂದಾಗ, ಮನೆಯಲ್ಲಿ ಬಿಲ್ಲುಗಳನ್ನು ಕೂಡಿಡುವವರಿಗೆ ಗೆದ್ದ ನೆರೆಹೊರೆಯವರು ಯಾವಾಗಲೂ ಕಣ್ಣೆದುರಿಗೇ ಇರುತ್ತಾರೆ. ನಗದು ಕೊಟ್ಟು ಕೊಂಡವನ ಬಿಲ್ಲೂ ಅಲ್ಲಿ ಕಣದಲ್ಲಿದೆ. ಕಾಗದರಹಿತ ಬಿಲ್ಲುಗಳಿಗೆ ಹೆಚ್ಚುವರಿ ಬಹುಮಾನಗಳಿವೆ. ಬೇಡವಾದವರು ತಮ್ಮ ಬಿಲ್ಲುಗಳನ್ನು ದತ್ತಿ ಸಂಸ್ಥೆಗಳಿಗೆ ದಾನ ಕೊಡಬಹುದು. ಬಿಲ್ಲು ಕೇಳಲು ಸ್ವಂತ ಲಾಭವಲ್ಲದೆ ಮತ್ತೊಂದು ಕಾರಣವನ್ನೂ ಹೀಗೆ ಕಲ್ಪಿಸಿಕೊಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಈಗ ಭಾರತದ ಅನುಭವ ನೋಡಿ. 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿ ನೋಟುಗಳ ಚಲಾವಣೆ ರದ್ದಾದ ಮೇಲೆ, ಡಿಸೆಂಬರ್ 25ರಿಂದ ಮುಂದಿನ ಏಪ್ರಿಲ್ 14ರವರೆಗೆ ‘ಲಕ್ಕಿ ಗ್ರಾಹಕ್ ಯೋಜನೆ’ ಮತ್ತು ‘ಡಿಜಿಧನ್ ವ್ಯಾಪಾರ್ ಯೋಜನೆ’ ನಡೆದವು. 50ರಿಂದ 3,000 ರೂಪಾಯಿವರೆಗಿನ ಡಿಜಿಟಲ್ ಪಾವತಿಗಳನ್ನು ಕಣಕ್ಕೆ ಸೇರಿಸಿ ಪ್ರತಿದಿನ 15,000 ಮಂದಿಗೆ ತಲಾ 1,000 ರೂಪಾಯಿ ಕೊಡಲಾಯಿತು. ಕೊನೆಗೆ ಒಂದು ಕೋಟಿ ರೂಪಾಯಿಯ ದೊಡ್ಡ ಬಹುಮಾನವಿತ್ತು. ಸಣ್ಣ ಮೊತ್ತದ ವ್ಯವಹಾರಗಳಿಗೇ ಮಿತಿ ಹಾಕಿದ್ದು, ಸ್ಮಾರ್ಟ್‌ಫೋನ್ ಇಲ್ಲದವರಿಗೂ ಯುಎಸ್‌ಎಸ್‌ಡಿ (ಸಾಮಾನ್ಯ ಫೋನಿನಲ್ಲಿ ಸಂಕೇತ ಒತ್ತಿ ಹಣ ಕಳುಹಿಸುವ ಕ್ರಮ) ಮೂಲಕ ದಾರಿ ಇಟ್ಟದ್ದು, ವ್ಯಾಪಾರಿಗೂ ಬಹುಮಾನ ಕೊಟ್ಟದ್ದು ಒಳ್ಳೆಯ ಆಲೋಚನೆಗಳು. ಆದರೆ ಅಲ್ಲಿ ಬಿಲ್ಲಿನ ಮಾತೇ ಇರಲಿಲ್ಲ. ಹಣ ಹೇಗೆ ಸಂದಿತು ಎಂಬುದಷ್ಟೇ ಲೆಕ್ಕ. ಡಿಜಿಟಲ್ ಪಾವತಿಯ ಅಭ್ಯಾಸ ಬೆಳೆಸುವುದೇ ಗುರಿಯಾಗಿದ್ದ ಯೋಜನೆಯನ್ನು ಈ ಕಾರಣಕ್ಕೆ ದೂರುವುದು ನ್ಯಾಯವಲ್ಲ. ಅದನ್ನೇ ತೆರಿಗೆ ಪಾಲನೆಯ ಮಾದರಿ ಎಂದು ಎತ್ತಿ ಹಿಡಿಯುವುದು ಮಾತ್ರ ತಪ್ಪು.

2023ರ ಸೆಪ್ಟೆಂಬರ್ 1ರಂದು ಶುರುವಾದ ‘ಮೇರಾ ಬಿಲ್ ಮೇರಾ ಅಧಿಕಾರ್’ ಆ ದೃಷ್ಟಿಯಿಂದ ಸರಿಯಾದ ದಿಕ್ಕಿನ ಹೆಜ್ಜೆ. ಅಸ್ಸಾಂ, ಗುಜರಾತ್, ಹರಿಯಾಣ ರಾಜ್ಯಗಳಲ್ಲೂ ಕೆಲವು ಕೇಂದ್ರಾಡಳಿತ ಪ್ರದೇಶಗಳಲ್ಲೂ ಪ್ರಾಯೋಗಿಕವಾಗಿ ಜಾರಿಗೆ ಬಂದ ಈ ಯೋಜನೆ ಜಿಎಸ್‌ಟಿ ಬಿಲ್ಲಿಗೇ ಬಹುಮಾನ ಕಟ್ಟಿತು. ಕನಿಷ್ಠ 200 ರೂಪಾಯಿಯ ಬಿಲ್ಲನ್ನು ಗ್ರಾಹಕ ಆ್ಯಪ್‌ಗೆ ಏರಿಸಬೇಕಿತ್ತು, ತಿಂಗಳಿಗೆ ಹೆಚ್ಚೆಂದರೆ 25 ಬಿಲ್ಲುಗಳು. ಬಹುಮಾನಗಳು ತಿಂಗಳಿಗೆ 10,000 ರೂಪಾಯಿಯ 800, ಹತ್ತು ಲಕ್ಷದ 10, ಮೂರು ತಿಂಗಳಿಗೊಮ್ಮೆ ಒಂದು ಕೋಟಿಯ ಎರಡು. ಆ ಮೂರು ರಾಜ್ಯಗಳ ಜನಸಂಖ್ಯೆಯೇ 2011ರ ಜನಗಣತಿಯಲ್ಲಿ 11 ಕೋಟಿ ದಾಟಿತ್ತು. ಅಷ್ಟು ಜನರ ನಡುವೆ ತಿಂಗಳಿಗೆ 810 ಬಹುಮಾನ ಎಂದರೆ, ಗೆದ್ದ ಒಬ್ಬನನ್ನು ಕೂಡ ಕಾಣದೆ ಹೆಚ್ಚಿನವರ ಉತ್ಸಾಹ ಆರಿಹೋಗುತ್ತದೆ. ಕೋಟಿ ರೂಪಾಯಿಯ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಚೆನ್ನ. ಪ್ರತಿ ಸಲವೂ ಅಂಗಡಿಯವನ ಮುಖ ನೋಡಿ ‘ಬಿಲ್ಲು ಕೊಡಿ’ ಎನ್ನುವ ಧೈರ್ಯವನ್ನು ಕೊಡುವುದು ಪದೇ ಪದೇ ಬರುವ ಸಣ್ಣ ಬಹುಮಾನ. ಜೊತೆಗೆ, ಬಿಲ್ಲಿನ ವಿವರವನ್ನು ಗ್ರಾಹಕನೇ ಏರಿಸಬೇಕೆಂಬ ಕೆಲಸ ಬೇರೆ.

ಹಾಗಾದರೆ ಬಹುಮಾನವನ್ನು ಪಾವತಿಗೇ ಕಟ್ಟಿದರೆ ಗ್ರಾಹಕನಿಗೆ ಸುಲಭವಲ್ಲವೇ ಎಂದು ನೀವು ಕೇಳಬಹುದು. ಗ್ರೀಸ್ 2017ರಲ್ಲಿ ಹಾಗೆಯೇ ಮಾಡಿತು. ಕಾರ್ಡ್ ಪಾವತಿಗಳು ತಾವಾಗಿ ಲಾಟರಿಗೆ ಸೇರುತ್ತಿದ್ದವು, ಆಗ ತಿಂಗಳಿಗೆ 1,000 ಮಂದಿಗೆ ತಲಾ 1,000 ಯೂರೊ ಸಿಗುತ್ತಿತ್ತು. ಗ್ರಾಹಕ ಏನನ್ನೂ ಮಾಡಬೇಕಾಗಿರಲಿಲ್ಲ. ಇಟಲಿ 2021ರ ಫೆಬ್ರುವರಿಯಲ್ಲಿ ತಂದ ರಸೀದಿ ಲಾಟರಿ ಎರಡನ್ನೂ ಒಟ್ಟಿಗೆ ಬಯಸಿತು. ನಗದುರಹಿತ ಪಾವತಿ ಇರಬೇಕು, ರಸೀದಿಯ ಮೇಲೆ ಗ್ರಾಹಕನ ಲಾಟರಿ ಸಂಕೇತವೂ ಇರಬೇಕು. ಪಾವತಿ ಯಂತ್ರವೂ ಬಿಲ್ ಯಂತ್ರವೂ ಒಂದಕ್ಕೊಂದು ಬೆಸೆದಿರುವ ಕಡೆ ಈ ಹಾದಿ ಫಲ ಕೊಡಬಹುದು. ಬೆಸೆದಿಲ್ಲದ ಕಡೆ, ಅಂದರೆ ವ್ಯಕ್ತಿಯ ಖಾತೆಯಿಂದ ವ್ಯಕ್ತಿಯ ಖಾತೆಗೆ ಕ್ಷಣದಲ್ಲಿ ಹಣ ಹೋಗುವ ಕಡೆ, ಪಾವತಿಗೆ ಬಹುಮಾನ ಕೊಟ್ಟರೆ ಬಿಲ್ಲಿಲ್ಲದ ಮಾರಾಟಕ್ಕೇ ಬಹುಮಾನ ಕೊಟ್ಟಂತೆ ಆಗುತ್ತದೆ. ಇದು ನನ್ನ ಮುಖ್ಯ ಆಕ್ಷೇಪ.

ಎರಡನೆಯ ಆಕ್ಷೇಪ ನ್ಯಾಯದ್ದು. ಬಹುಮಾನದ ಹಣ ಎಲ್ಲರೂ ಕಟ್ಟಿದ ತೆರಿಗೆಯಿಂದ ಬರುತ್ತದೆ. ಕೂಲಿಯನ್ನು ನಗದಿನಲ್ಲಿ ಪಡೆದು ನಗದಿನಲ್ಲೇ ಖರ್ಚು ಮಾಡುವವರು, ಮೊಬೈಲ್ ಬಳಸಲಾಗದ ವೃದ್ಧರು, ದೃಷ್ಟಿ ಮಂದವಾದವರು ಕೂಡ ಸೋಪು, ಎಣ್ಣೆ, ಬಟ್ಟೆ ಕೊಳ್ಳುವಾಗ ತೆರಿಗೆ ಕೊಡುತ್ತಾರೆ. ಅವರು ಬಿಲ್ಲು ಕೇಳಿ ಪಡೆದಿದ್ದರೂ ನಗದು ಕೊಟ್ಟರೆಂಬ ಕಾರಣಕ್ಕೆ ಕಣದಿಂದ ಹೊರಗಿಡುವುದು, ಅವರ ಹಣದಿಂದಲೇ ಇತರರಿಗೆ ಬಹುಮಾನ ಹಂಚುವುದು ಯಾವ ನೀತಿಯ ಲೆಕ್ಕದಲ್ಲೂ ಸರಿಹೊಂದುವುದಿಲ್ಲ. ನಗದು ಕೊಟ್ಟು ಪಡೆದ ಬಿಲ್ಲಿನ ಮೇಲಿನ ತೆರಿಗೆಯೂ ಖಜಾನೆಗೆ ಅಷ್ಟೇ ಪೂರ್ಣವಾಗಿ ಸೇರುತ್ತದೆ.

ಇನ್ನು, ಲಾಟರಿ ಎಲ್ಲಿ ಸೋಲುತ್ತದೆ ಎಂಬ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಯೋಜನೆಗಳ ಪ್ರಕಟಣೆಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ತೆರಿಗೆ ದರ ನೂರಕ್ಕೆ 18 ಎಂದಿಟ್ಟುಕೊಳ್ಳಿ. ಅಡುಗೆಮನೆ ಕಟ್ಟಿಸುವವನಿಗೋ ವಾಹನ ರಿಪೇರಿ ಮಾಡಿಸುವವನಿಗೋ ‘ಬಿಲ್ಲು ಬೇಡವಾದರೆ ಇಷ್ಟು ಬಿಟ್ಟುಕೊಡುತ್ತೇನೆ’ ಎಂಬ ಮಾತು ಬರುತ್ತದೆ. ಮಾರುವವನು 18ರಲ್ಲಿ ಅರ್ಧ ಬಿಟ್ಟರೂ ಅವನಿಗೆ ಲಾಭವೇ. ಆದಾಯ ತೆರಿಗೆಯೂ ತಪ್ಪುವುದರಿಂದ ಅರ್ಧಕ್ಕಿಂತ ಹೆಚ್ಚನ್ನೂ ಬಿಟ್ಟಾನು. ಗ್ರಾಹಕನ ಎದುರು ಈಗ ಒಂದು ಕಡೆ ಖಚಿತವಾದ ರಿಯಾಯಿತಿ, ಇನ್ನೊಂದು ಕಡೆ ಸಿಗುವ ಸಾಧ್ಯತೆ ಅತಿ ಕಡಿಮೆಯಿರುವ ಬಹುಮಾನ. ಅತಿ ಸಣ್ಣ ಸಾಧ್ಯತೆಯನ್ನು ಮನುಷ್ಯರು ಇದ್ದದ್ದಕ್ಕಿಂತ ದೊಡ್ಡದಾಗಿ ತೂಗುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್‌ಸ್ಕಿ 1979ರಲ್ಲೇ ವಿವರಿಸಿದ್ದಾರೆ. ಲಾಟರಿಗಳ ಬಲವೆಲ್ಲ ಆ ಗುಣದ ಮೇಲೆಯೇ ನಿಂತಿದೆ. ಸಣ್ಣ ಖರೀದಿಯಲ್ಲಿ ಅದು ಕೆಲಸ ಮಾಡುತ್ತದೆ, ಅಲ್ಲಿ ರಿಯಾಯಿತಿಯ ಮಾತು ಸಾಮಾನ್ಯವಾಗಿ ಏಳುವುದಿಲ್ಲ. ದೊಡ್ಡ ಮೊತ್ತದ ಸೇವೆಗಳಲ್ಲಿ ಅದು ಸೋಲುತ್ತದೆ. ತೆರಿಗೆ ಸೋರಿಕೆಯ ದೊಡ್ಡ ಪಾಲು ಇರುವುದು ಅಲ್ಲಿಯೇ ಎಂಬುದು ಲೆಕ್ಕ ಬರೆಯುವವನಾಗಿ ನನ್ನ ಅಂದಾಜು.

ಪೋರ್ಚುಗಲ್ ಈ ವ್ಯತ್ಯಾಸವನ್ನು ಗುರುತಿಸಿತು. 2013ರಲ್ಲಿ ಅದು ಹೋಟೆಲು, ವಾಹನ ರಿಪೇರಿ, ಕ್ಷೌರದಂಥ ಆಯ್ದ ವಲಯಗಳಲ್ಲಿ ಗ್ರಾಹಕರು ತೆರಿಗೆ ಸಂಖ್ಯೆ ಕೊಟ್ಟು ಬಿಲ್ಲು ಪಡೆದರೆ, ಅವರು ಕಟ್ಟಿದ ಮೌಲ್ಯವರ್ಧಿತ ತೆರಿಗೆಯ ಒಂದು ಪಾಲನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಅವಕಾಶ ಮಾಡಿಕೊಟ್ಟಿತು. ಲಾಟರಿ ಬಂದದ್ದು ಆಮೇಲೆ, 2014ರಲ್ಲಿ. ಆಗ ವಾರವಾರವೂ ಔಡಿ ಕಾರು ಬಹುಮಾನ ಕೊಟ್ಟರು. 2016ರಲ್ಲಿ ಕಾರುಗಳನ್ನು ಕೈಬಿಟ್ಟು ಸರ್ಕಾರಿ ಉಳಿತಾಯ ಪತ್ರಗಳನ್ನು ಕೊಡಲು ನಿರ್ಧರಿಸಿದರು. ಐಷಾರಾಮಿ ಕಾರಿನ ಬದಲು ಉಳಿತಾಯ ಪತ್ರ ಕೊಟ್ಟದ್ದು ಸರ್ಕಾರಕ್ಕೆ ಒಪ್ಪುವ ನಡೆ ಎಂದೇ ನನ್ನ ಅಭಿಪ್ರಾಯ.

ಬ್ರೆಜಿಲ್‌ನ ಸಾವೊ ಪೌಲೊ ರಾಜ್ಯದ ‘ನೋಟಾ ಫಿಸ್ಕಲ್ ಪೌಲಿಸ್ತಾ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2007ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ತೆರಿಗೆಯ ಒಂದು ಭಾಗ ಗ್ರಾಹಕರಿಗೆ ಮರಳುತ್ತದೆ, ಖರೀದಿಯ ಮೊತ್ತಕ್ಕೆ ತಕ್ಕಂತೆ ಲಾಟರಿ ಚೀಟಿಗಳೂ ಸಿಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಅಂಗಡಿಯವರು ತನ್ನ ಬಿಲ್ಲನ್ನು ಇಲಾಖೆಗೆ ವರದಿ ಮಾಡಿದ್ದಾರೆಯೇ ಎಂದು ಗ್ರಾಹಕ ಅಂತರ್ಜಾಲದಲ್ಲಿ ತಾನೇ ನೋಡಬಹುದು, ಮಾಡಿರದಿದ್ದರೆ ಅಲ್ಲಿಯೇ ದೂರು ಕೊಡಬಹುದು. ಅರ್ಥಶಾಸ್ತ್ರಜ್ಞೆ ಜೊವಾನಾ ನರಿತೋಮಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ವರ್ಷಗಳಲ್ಲಿ ಚಿಲ್ಲರೆ ಅಂಗಡಿಗಳು ತಾವೇ ಘೋಷಿಸಿದ ವಹಿವಾಟು ಶೇ 21ರಷ್ಟಾದರೂ ಹೆಚ್ಚಿತು. ಗ್ರಾಹಕರ ಸಂಖ್ಯೆ ದೊಡ್ಡದಾಗಿರುವ ಅಂಗಡಿಗಳಲ್ಲಿ ಪರಿಣಾಮ ಹೆಚ್ಚು. ಅಷ್ಟು ಜನರಲ್ಲಿ ಯಾರಾದರೂ ಒಬ್ಬರು ದೂರು ಕೊಟ್ಟಾರು ಎಂಬ ಅಳುಕು ವ್ಯಾಪಾರಿಗೆ ಇರುತ್ತದೆ. ಗ್ರಾಹಕ ಇಲ್ಲಿ ಲೆಕ್ಕ ಪರಿಶೋಧಕನ ಕೆಲಸ ಮಾಡುತ್ತಿದ್ದಾನೆ. ಅವನಿಂದ ಆ ಕೆಲಸ ಮಾಡಿಸಿಕೊಳ್ಳುವುದಾದರೆ ಅವನಿಗೆ ಪರಿಶೋಧಕನ ಕಣ್ಣನ್ನೂ ಕೊಡಬೇಕು. ಬಿಲ್ಲು ಕೇಳಿದ, ಪಡೆದ, ಆಮೇಲೆ ಅದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಅವನನ್ನು ನಿಲ್ಲಿಸಬಾರದು.

ಇದನ್ನೆಲ್ಲ ಗಮನಿಸಿ ನಿಮ್ಮಲ್ಲಿ ನನ್ನ ಕೋರಿಕೆಗಳನ್ನು ಮುಂದಿಡುತ್ತೇನೆ.

ಕಣಕ್ಕೆ ಸೇರಲು ಅರ್ಹತೆ ಬಿಲ್ಲು ಮಾತ್ರ ಆಗಿರಲಿ. ಡಿಜಿಟಲ್ ಪಾವತಿಯನ್ನೂ ಉತ್ತೇಜಿಸಬೇಕೆಂದಿದ್ದರೆ ತೈವಾನ್ ಕಾಗದರಹಿತ ಬಿಲ್ಲಿಗೆ ಮಾಡಿದಂತೆ ಹೆಚ್ಚುವರಿ ಬಹುಮಾನ ಇಡಿ. ನಗದಿನ ಬಿಲ್ಲನ್ನು ಹೊರಗಿಡಬೇಡಿ. ಆ್ಯಪ್ ಇಲ್ಲದವರಿಗೆ ಬಿಲ್ಲಿನ ಮೇಲಿನ ಸಂಖ್ಯೆಯೇ ಚೀಟಿಯಾಗಲಿ, ಗೆದ್ದ ಸಂಖ್ಯೆಗಳು ಪತ್ರಿಕೆಯಲ್ಲೂ ಬರಲಿ.

ಬಹುಮಾನದ ಮೊತ್ತದ ಬಹುಪಾಲನ್ನು ಸಣ್ಣ ಬಹುಮಾನಗಳಿಗೆ ಮೀಸಲಿಡಿ. ಒಂದು ಕೋಟಿಯ ಒಂದು ಬಹುಮಾನದ ಬದಲು ಸಾವಿರ ರೂಪಾಯಿಯ ಹತ್ತು ಸಾವಿರ ಬಹುಮಾನಗಳನ್ನು ಕೊಡಬಹುದು, ಖಜಾನೆಗೆ ಖರ್ಚು ಅಷ್ಟೇ. ಒಂದೇ ಖರೀದಿಯನ್ನು ಹಲವು ಬಿಲ್ಲುಗಳಾಗಿ ಒಡೆಸಿಕೊಳ್ಳುವುದನ್ನು ತಡೆಯಲು ಚೀಟಿಗಳನ್ನು ಮೊತ್ತಕ್ಕೆ ತಕ್ಕಂತೆ ಕೊಟ್ಟು, ಮೇಲೊಂದು ಮಿತಿ ಹಾಕಿ. ಇಟಲಿಯಲ್ಲಿ ಒಂದು ಯೂರೊಗೆ ಹತ್ತು ಚೀಟಿ, ಒಂದು ರಸೀದಿಗೆ ಹೆಚ್ಚೆಂದರೆ ಸಾವಿರ. ಹೆಚ್ಚು ಖರ್ಚು ಮಾಡಬಲ್ಲವರೇ ಎಲ್ಲವನ್ನೂ ಗೆಲ್ಲದಂತೆ ಆ ಮಿತಿ ಕಾಯುತ್ತದೆ. ಆದರೆ ದೊಡ್ಡ ಮೊತ್ತದ ಸೇವೆಗಳಿಗೆ ಲಾಟರಿಯನ್ನು ನಂಬಿ ಕೂರಬೇಡಿ. ಅಲ್ಲಿ ಖಚಿತವಾದ ತೆರಿಗೆ ವಿನಾಯಿತಿ ಕೊಡದೆ ಖಚಿತವಾದ ರಿಯಾಯಿತಿಯನ್ನು ಎದುರಿಸಲಾಗದು.

ಸಣ್ಣ ವ್ಯಾಪಾರಿಗಳ ವಿಷಯದಲ್ಲಿ ದಯವಿಟ್ಟು ವಿಶೇಷ ಎಚ್ಚರ ವಹಿಸಿ. ತೆರಿಗೆ ನೋಂದಣಿಯ ಮಿತಿಗಿಂತ ಕಡಿಮೆ ವಹಿವಾಟಿದ್ದು ನೋಂದಾಯಿಸಿಕೊಳ್ಳದವನು ತೆರಿಗೆ ಬಿಲ್ಲು ಕೊಡುವಂತಿಲ್ಲ. ಲಾಟರಿ ಬಂದ ಮೇಲೆ ಅವನ ಗಿರಾಕಿಗಳು ಬಿಲ್ಲು ಕೊಡುವ ದೊಡ್ಡ ಮಳಿಗೆಗೆ ತಿರುಗಿದರೆ, ಕಾನೂನಿನಂತೆ ನಡೆದುಕೊಂಡದ್ದಕ್ಕೇ ಅವನಿಗೆ ಶಿಕ್ಷೆಯಾಗುತ್ತದೆ. ಅಂಥವರಿಗೂ ಒಂದು ಸರಳ, ಉಚಿತ ರಸೀದಿ ವ್ಯವಸ್ಥೆ ಕೊಟ್ಟು ಆ ರಸೀದಿಯನ್ನೂ ಕಣಕ್ಕೆ ಸೇರಿಸಿ. ಗೆದ್ದ ಬಿಲ್ಲನ್ನು ಕೊಟ್ಟ ವ್ಯಾಪಾರಿಗೂ ಒಂದು ಪಾಲು ಸಿಗಲಿ. ಆಗ ಬಿಲ್ಲು ಕೇಳುವವನನ್ನು ಅವನು ಶತ್ರುವಿನಂತೆ ನೋಡುವುದು ತಪ್ಪುತ್ತದೆ. ಯೋಜನೆಯಿಂದ ದೊರೆತ ಮಾಹಿತಿಯನ್ನು ಹಿಂದಿನ ವರ್ಷಗಳ ಲೆಕ್ಕ ಕೆದಕಲು ಬಳಸುತ್ತೀರೋ ಇಲ್ಲವೋ ಎಂಬುದನ್ನು ಮೊದಲೇ ಬರಹದಲ್ಲಿ ಹೇಳಿಬಿಡಿ. ಬಹುಮಾನದ ಯೋಜನೆ ನೋಟಿಸಿನ ಬಲೆಯಾಗಿ ಬದಲಾದರೆ ಜನ ಮತ್ತೆ ನಗದಿಗೆ, ಮತ್ತೆ ಕಚ್ಚಾ ಚೀಟಿಗೆ ಹಿಂದಿರುಗುತ್ತಾರೆ. ಆಮೇಲೆ ಯಾವ ಬಹುಮಾನಕ್ಕೂ ಅವರು ಓಗೊಡುವುದಿಲ್ಲ.

ಗ್ರಾಹಕನ ಖಾಸಗಿತನವೂ ನಿಮ್ಮ ಹೊಣೆ. ಒಬ್ಬ ವ್ಯಕ್ತಿಯ ಬಿಲ್ಲುಗಳನ್ನು ಒಂದೆಡೆ ಸೇರಿಸಿದರೆ ಅವನ ಕಾಯಿಲೆ, ನಂಬಿಕೆ, ಮನೆಯ ಕಷ್ಟಸುಖ ಎಲ್ಲವೂ ಬಯಲಾಗುತ್ತದೆ. ಗುರುತಿನ ಸಂಖ್ಯೆಯನ್ನೋ ಮೊಬೈಲ್ ಸಂಖ್ಯೆಯನ್ನೋ ಅಂಗಡಿಯ ಮೇಜಿನ ಮೇಲೆ ಗಟ್ಟಿಯಾಗಿ ಹೇಳಿಸಬೇಡಿ. ಇಟಲಿಯಲ್ಲಿ ತೆರಿಗೆ ಸಂಖ್ಯೆಯ ಬದಲು ಲಾಟರಿಗೆಂದೇ ಪ್ರತ್ಯೇಕ ಸಂಕೇತ ಕೊಟ್ಟದ್ದು ಇದಕ್ಕಾಗಿಯೇ. ನೀವೂ ಹಾಗೆ ಮಾಡಬಹುದು.

ಕೊನೆಯದಾಗಿ, ಲೆಕ್ಕ. ಎಷ್ಟು ಬಿಲ್ಲುಗಳು ಕಣಕ್ಕೆ ಬಂದವು, ಒಂದು ಬಿಲ್ಲು ಗೆಲ್ಲುವ ಸಾಧ್ಯತೆ ಎಷ್ಟಿತ್ತು, ಬಹುಮಾನ, ಪ್ರಚಾರ ಮತ್ತು ತಂತ್ರಜ್ಞಾನಕ್ಕೆ ತಗುಲಿದ ಖರ್ಚೆಷ್ಟು, ಯೋಜನೆ ಇರುವ ಮತ್ತು ಇಲ್ಲದ ಪ್ರದೇಶಗಳಲ್ಲಿ ಘೋಷಿತ ವಹಿವಾಟಿನ ವ್ಯತ್ಯಾಸವೇನು ಎಂಬುದನ್ನು ಪ್ರತಿ ಡ್ರಾ ನಂತರ ಪ್ರಕಟಿಸಿ. ಪ್ರಾಯೋಗಿಕ ಯೋಜನೆ ಎಂದು ಕರೆದ ಮೇಲೆ ಪ್ರಯೋಗದ ಫಲಿತಾಂಶ ಜನರಿಗೆ ತಿಳಿಯಬೇಕು. ಗೆದ್ದವರ ಭಾವಚಿತ್ರಗಳಿಂದ ಆ ಕೆಲಸ ಆಗುವುದಿಲ್ಲ. ಒಬ್ಬ ಸಣ್ಣ ವ್ಯಾಪಾರಿಯಿಂದ ನೀವು ಪೈಸೆ ಪೈಸೆಯ ಲೆಕ್ಕ ಕೇಳುತ್ತೀರಿ, ಅದನ್ನು ಬರೆದು ಕೊಡುವವನು ನಾನು. ನಿಮ್ಮ ಯೋಜನೆಗಳ ಲೆಕ್ಕವನ್ನು ಅದೇ ಶಿಸ್ತಿನಿಂದ, ಮುಂದಿನ ಬಜೆಟ್ ಮಂಡನೆಗೆ ಮುನ್ನ ಸಾರ್ವಜನಿಕರ ಮುಂದಿಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವ್ಯಾಪಾರಿಗಳ ಲೆಕ್ಕಪತ್ರ ಬರೆಯುವ ಒಬ್ಬ ಪ್ರಜೆ